ಓದುಕಟ್ಟೆಯ ಮೇಲೆ ಹಿಂತೆಗೆದುಕೊಂಡ ಆದೇಶ

ಹುಲಗಿಹಾಳ, ತುಂಗಭದ್ರಾ ಕಣಿವೆ
೨೨೪೭ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಆಡಳಿತ ಕಾನೂನು ಓದುತ್ತಿರುವ, ನನಗಿಂತ ಇನ್ನೂರು ವರ್ಷ ಹಿರಿಯರಾದ ವಿದ್ಯಾರ್ಥಿಗಳೇ,

ತಾರೀಖು ನೋಡಿ ಕಾಗದವನ್ನು ಎತ್ತಿಡಬೇಡಿ. ಡಿಸೆಂಬರಿನ ಕೊನೆಯ ಹತ್ತು ದಿನಗಳನ್ನು ನಾವು ಬೇರ್ಪಡಿಸಿ ಬಾಕಿ ತಿಂಗಳು ಎಂದು ಕರೆಯುತ್ತೇವೆ. ಆಗ ಯಾವ ಕಚೇರಿಯೂ ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನು ಮುಗಿಸುತ್ತದೆ. ನನ್ನ ಮೇಜು ಮೂರನೆಯ ದಿನವೇ ಖಾಲಿಯಾದದ್ದರಿಂದ ಈ ಪತ್ರಕ್ಕೆ ಬಿಡುವು ಸಿಕ್ಕಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅವು ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಜಿಲ್ಲೆ, ತಾಲ್ಲೂಕುಗಳಿಲ್ಲ. ನದಿಯ ಕಣಿವೆಯೇ ಆಡಳಿತದ ಘಟಕ. ನೀರು, ರಸ್ತೆ, ಶಾಲೆ, ಸಂತೆ ಎಲ್ಲದರ ಕಚೇರಿಯೂ ಒಂದೇ ಕಟ್ಟಡದಲ್ಲಿದೆ. ಅದರ ಹೊರಗೋಡೆಯ ಮೇಲೆ ಯಾವ ಅಧಿಕಾರ ಯಾರಿಗೆ, ಯಾವ ಕಲಮಿನಿಂದ ಬಂದಿದೆ ಎಂಬುದನ್ನು ಆಳೆತ್ತರದ ನಕ್ಷೆಯಾಗಿ ಬರೆದಿರುತ್ತಾರೆ. ಮಳೆಗಾಲ ಮುಗಿದ ಮೇಲೆ ಅದನ್ನು ತಿದ್ದಿ ಬಣ್ಣ ಬಳಿಯುವುದು ಒಂಬತ್ತನೆಯ ತರಗತಿಯ ಮಕ್ಕಳ ಕೆಲಸ. ಹೀಗಾಗಿ ನಮ್ಮ ಸಂತೆಯಲ್ಲಿ ಬದನೆಕಾಯಿ ಮಾರುವವರೂ “ಆ ಅಧಿಕಾರ ನಿಮಗ ಎಲ್ಲಿಂದ ಬಂತ್ರೀ?” ಎಂದು ಕೇಳಿಬಿಡುತ್ತಾರೆ. ತೂಕದ ಇನ್‌ಸ್ಪೆಕ್ಟರುಗಳು ಕಲಮುಗಳನ್ನು ಬಾಯಿಪಾಠ ಮಾಡಿಕೊಂಡೇ ಸಂತೆಗೆ ಇಳಿಯುತ್ತಾರೆ.

ಪ್ರತಿ ಕಚೇರಿಯ ಮುಂದೆ ಬೇವಿನ ನೆರಳಿನಲ್ಲಿ ಒಂದು ಕಲ್ಲಿನ ಕಟ್ಟೆ ಇರುತ್ತದೆ. ಅದೇ ಓದುಕಟ್ಟೆ. ಅರ್ಜಿಯನ್ನು ನಿರಾಕರಿಸಿ ಸಹಿ ಹಾಕಿದವರು ಆ ಆದೇಶವನ್ನು ಅಲ್ಲಿ ಕುಳಿತು, ಅರ್ಜಿದಾರರ ಮುಖ ನೋಡಿ, ತಾವೇ ಓದಬೇಕು. ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಆಮೇಲೂ ಒಪ್ಪದವರಿಗೆ ಮೇಲ್ಮನವಿ ಇದೆ. ಆದೇಶ ತಪ್ಪೆಂದು ಕಂಡರೆ ಓದಿದವರು ಅಲ್ಲೇ ಹಿಂತೆಗೆದುಕೊಳ್ಳಬಹುದು.

ಆಡಳಿತ ಶಾಲೆಯ ಕೊನೆಯ ಪರೀಕ್ಷೆಯೂ ಈ ಕಟ್ಟೆಯ ಮೇಲೆಯೇ ನಡೆಯುತ್ತದೆ. ವಿದ್ಯಾರ್ಥಿಗೆ ಒಂದು ನಿಜವಾದ ಅರ್ಜಿ ಕೊಡುತ್ತಾರೆ. ವಿಚಾರಣೆ ನಡೆಸಬೇಕು, ಆದೇಶ ಬರೆಯಬೇಕು, ನಿರಾಕರಿಸಿದರೆ ಓದಬೇಕು. ಆದೇಶ ಹಿಂತೆಗೆದುಕೊಂಡವರು ನಪಾಸು, ಶಾಲೆಯಲ್ಲಿ ಇನ್ನೊಂದು ವರ್ಷ ಕಲಿಯಬೇಕು.

ಮೂವತ್ತೆಂಟು ವರ್ಷದ ಹಿಂದೆ ನನ್ನ ಪಾಲಿಗೆ ಬಂದದ್ದು ಮರ್ದಾನಬಿಯ ಅರ್ಜಿ. ಆಕೆಯದು ತೇಲುಗಿರಣಿ, ಅಂದರೆ ಎರಡು ದೋಣಿಗಳ ನಡುವೆ ಚಕ್ರ ಕಟ್ಟಿ ಹೊಳೆಯ ಸೆಳೆತದಿಂದಲೇ ಜೋಳ ಬೀಸುವ ಗಿರಣಿ. ಊರು ಬೆಳೆದದ್ದು ಆಚೆ ದಂಡೆಗೆ, ಗಿರಣಿ ಉಳಿದದ್ದು ಈಚೆ ದಂಡೆಗೆ. ಜೋಳದ ರಾಶಿಯ ಕಾಲಕ್ಕೆ ಮುಂಚೆ ಅದನ್ನು ಆಚೆಗೆ ಸಾಗಿಸಲು ಆಕೆ ಅನುಮತಿ ಕೇಳಿದ್ದರು. ಆ ಕಾಲ ಬರಲು ಮೂರು ವಾರವಿತ್ತು. ಅದು ತಪ್ಪಿದರೆ ಗಿರಣಿಗೆ ವರ್ಷವಿಡೀ ಕಾಳು ಬರುವುದಿಲ್ಲ.

ವಿಚಾರಣೆಯಲ್ಲಿ ಆಕೆ ನನ್ನ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರಿಸಿದರು. ಆದರೆ ನಾನು ಶ್ರದ್ಧೆಯ ವಿದ್ಯಾರ್ಥಿನಿ. ಮರುದಿನ ಬೆಳಿಗ್ಗೆ ಯಾರೂ ಹೇಳದಿದ್ದರೂ ಒಬ್ಬಳೇ ಹೊಳೆಗೆ ಹೋದೆ. ಮೀನುಗಾರ ದುರುಗಪ್ಪ ಸಿಕ್ಕಿದ. ಗಿರಣಿಯ ಚಕ್ರಕ್ಕೆ ಸಿಕ್ಕಿ ಬಲೆಗಳು ಹರಿಯುತ್ತವೆ ಎಂದ. ಬರೆದುಕೊಂಡೆ. ಗಿರಣಿ ಆಚೆ ಹೋದರೆ ಮೀನುಗಾರರಿಗೆ ನಷ್ಟ ಎಂಬ ಒಂದೇ ಕಾರಣದ ಮೇಲೆ ನಾಲ್ಕು ಪುಟದ ನಿರಾಕರಣೆ ಸಿದ್ಧಪಡಿಸಿದೆ. ಸ್ಥಳಕ್ಕೆ ಹೋಗಿ ನೋಡಿ ಬರೆದದ್ದು ಎಂದು ಹೆಮ್ಮೆಯಿತ್ತು.

ಕಟ್ಟೆಯ ಸುತ್ತ ಐವತ್ತು ಜನ ಸೇರಿದ್ದರು. ಗುರುಗಳಾದ ಯಮನೂರಪ್ಪ ಮಾಸ್ತರರು ಬೇವಿನ ಬುಡದಲ್ಲಿ ಕುಳಿತಿದ್ದರು. ನಾನು ತಡವರಿಸದೆ ಓದಿ ಮುಗಿಸಿದೆ. ಮರ್ದಾನಬಿ ಕೇಳಿದರು: “ಚಂದ ಓದಿದಿ, ಮಗಳ. ಈ ಬಲಿ ಹರಿಯೋ ಮಾತು ನನ್ನ ಮುಂದ ಯಾವಾಗ ಎತ್ತಿದ್ದಿ?”

ಎತ್ತಿರಲಿಲ್ಲ. ವಿಚಾರಣೆ ಮುಗಿದ ಮೇಲೆ ಸಿಕ್ಕಿದ ಸಂಗತಿಯನ್ನು ಆಕೆಗೆ ತೋರಿಸದೆ ಆಕೆಯ ವಿರುದ್ಧ ಬಳಸಿದ್ದೆ. ಹಾಗೆ ಮಾಡಬಾರದೆಂಬುದೇ ಮೊದಲ ವರ್ಷದ ಮೊದಲ ಪಾಠ.

ಅಷ್ಟರಲ್ಲಿ ಹಿಂದಿನಿಂದ ದುರುಗಪ್ಪ ಎದ್ದು ನಿಂತ. “ತಂಗಿ, ನಾ ಹೇಳಿದ್ದು ಈಗ ಗಿರಣಿ ನಿಂತಿರೋ ಜಾಗದ ಮಾತವಾ! ಅಲ್ಲೇ ನಮ್ಮ ಬಲಿ ಹರಿಯೂದು. ಆಕಿ ಆಚೆ ಹೋಗ್ತೀನಿ ಅಂದ್ರ ನಾವ ಹಗ್ಗ ಹಾಕಿ ಎಳದು ಬಿಟ್ಟು ಬರ್ತೀವಿ.”

“ನಾಲ್ಕು ಪುಟ ಬರದಾಳಲ್ಲೋ, ಪಾಪ,” ಎಂದು ಯಾರೋ ಅಂದರು. ಇಡೀ ಕಟ್ಟೆ ನಕ್ಕಿತು.

ನನಗೆ ಎರಡು ದಾರಿಗಳಿದ್ದವು. ‘ಎತ್ತಿರಲಿಲ್ಲ, ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಿ’ ಎಂದು ಉತ್ತರಿಸಿ ಎದ್ದುಬಿಟ್ಟರೆ ನಿಯಮದ ಪ್ರಕಾರ ಓದು ಪೂರ್ತಿಯಾಗುತ್ತಿತ್ತು, ನಾನು ಅಂದೇ ಪಾಸು. ಮೇಲ್ಮನವಿಗೆ ಮೂರು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ರಾಶಿ ಮುಗಿದಿರುತ್ತದೆ. ಮಾಸ್ತರರ ಕಡೆ ನೋಡಿದೆ. ಅವರು ಬೇಕೆಂದೇ ಬೇವಿನ ಕೊಂಬೆಯನ್ನು ನೋಡುತ್ತಿದ್ದರು. ನಾನು ಪೆನ್ನು ತೆಗೆದು ನಾಲ್ಕೂ ಪುಟಗಳ ಮೇಲೆ ಅಡ್ಡಗೆರೆ ಎಳೆದೆ. ‘ಹಿಂತೆಗೆದುಕೊಂಡಿದೆ. ಅನುಮತಿ ನೀಡಿದೆ’ ಎಂದು ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿದೆ. ಜನ ಶಿಳ್ಳೆ ಹಾಕಿದರು. ಮರುದಿನವೇ ದುರುಗಪ್ಪನ ಬಳಗ ಹಾಡು ಹೇಳುತ್ತ ಗಿರಣಿಯನ್ನು ಆಚೆ ದಂಡೆಗೆ ಎಳೆದೊಯ್ದಿತು. ಹಗ್ಗದ ತುದಿಯಲ್ಲಿ ನಾನೂ ಇದ್ದೆ. ಮೊಣಕಾಲವರೆಗೆ ಕೆಸರು.

ಪರೀಕ್ಷೆಯಲ್ಲಿ ನಪಾಸು ಮಾಡುವುದೂ ನಮ್ಮ ಕಾನೂನಿನಲ್ಲಿ ಒಂದು ನಿರಾಕರಣೆಯೇ. ಆದ್ದರಿಂದ ಅದನ್ನೂ ಓದಬೇಕು. ಮುಂದಿನ ಸೋಮವಾರ ಮಾಸ್ತರರು ಅದೇ ಕಟ್ಟೆಯ ಮೇಲೆ ನನ್ನೆದುರು ಕುಳಿತು ಓದತೊಡಗಿದರು. ಅರ್ಧಕ್ಕೇ ಮರ್ದಾನಬಿ ಎದ್ದರು, ಕೈಗೆಲ್ಲ ಹಿಟ್ಟು ಮೆತ್ತಿತ್ತು. “ಮಾಸ್ತರ, ತಪ್ಪು ಒಪ್ಪಿಕೊಂಡಾಕಿನ್ನ ನಪಾಸ್ ಮಾಡ್ತಿ? ಏನ್ ನ್ಯಾಯ ಇದು?”

“ಕೂಡ್ರವಾ, ಆದೇಶ ನಿನಗಲ್ಲ ಆಕಿಗೆ. ಪ್ರಶ್ನೆ ಕೇಳೋ ಹಕ್ಕು ನಿನಗಿಲ್ಲ.”

“ಹಂಗಾದ್ರ ನಿನ್ನ ಜೋಳ ಬೀಸೋ ಹಕ್ಕೂ ನನಗಿಲ್ಲ ಬಿಡು.”

ಮಾಸ್ತರರು ನಗು ತಡೆಯಲಾರದೆ ಓದು ನಿಲ್ಲಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಕೊನೆಯ ಸಾಲು ಓದಿದರು: ಹಿಂತೆಗೆದುಕೊಂಡದ್ದು ಸರಿ, ಕೇಳದೆ ಬರೆದದ್ದು ತಪ್ಪು, ಎರಡನೆಯದಕ್ಕಾಗಿ ಒಂದು ವರ್ಷ. ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ, ಕಾರಣ ಸರಿಯಾಗಿದೆ ಎಂದೆ. ನಪಾಸಾದ ಆ ಸಂಜೆ ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯಾಯಿತು. ಹೋಳಿಗೆಯ ಹಿಟ್ಟನ್ನು ಯಾರು ಬೀಸಿ ಕಳಿಸಿದ್ದರೆಂದು ಹೇಳಬೇಕಿಲ್ಲ.

ಆ ಹೆಚ್ಚಿನ ವರ್ಷದಲ್ಲಿ ಕಲಿತದ್ದೇ ನನ್ನ ಕೈಹಿಡಿದು ನಡೆಸಿದೆ. ಇಲ್ಲಿಯವರೆಗೆ ಎರಡು ಸಾವಿರಕ್ಕೂ ಹೆಚ್ಚು ನಿರಾಕರಣೆ ಓದಿದ್ದೇನೆ, ಹನ್ನೊಂದನ್ನು ಕಟ್ಟೆಯ ಮೇಲೆಯೇ ಹಿಂತೆಗೆದುಕೊಂಡಿದ್ದೇನೆ. ನಮ್ಮ ಕಚೇರಿಯಲ್ಲಿ ಯಾರದು ಎಷ್ಟು ಎಂದು ಊಟದ ಹೊತ್ತಿನಲ್ಲಿ ಕೊಚ್ಚಿಕೊಳ್ಳುತ್ತೇವೆ. ಸೊನ್ನೆ ಎಂದವರನ್ನು ಯಾರೂ ನಂಬುವುದಿಲ್ಲ.

ನಿಮ್ಮ ಕಾಲದಲ್ಲಿ ಓದುಕಟ್ಟೆ ಇಲ್ಲ ಎಂದು ಬಲ್ಲೆ. ಅದನ್ನು ಕಟ್ಟಿರೆಂದು ಕೇಳುತ್ತಿಲ್ಲ. ಓದು ಮುಗಿಸಿ ನೀವು ಕುರ್ಚಿಯಲ್ಲಿ ಕುಳಿತ ಮೇಲೆ ಬರೆಯುವ ಮೊದಲ ನಿರಾಕರಣೆಯನ್ನು ಅಂಚೆಗೆ ಹಾಕಬೇಡಿ. ಅರ್ಜಿದಾರರನ್ನು ಕರೆದು ಕೂರಿಸಿ, ನೀರು ಕೊಟ್ಟು, ನೀವೇ ಓದಿ. ಓದುವಾಗ ನಿಮ್ಮ ದನಿ ಯಾವ ಸಾಲಿನಲ್ಲಿ ತಗ್ಗುತ್ತದೋ ಆ ಸಾಲಿನಲ್ಲೇ ಓದು ನಿಲ್ಲಿಸಿ, ಎದುರಿಗಿದ್ದವರನ್ನು ಕೇಳಿ.

ಇಷ್ಟೇ ನನ್ನ ಅರ್ಜಿ. ನಿರಾಕರಿಸುವುದಾದರೆ ಕಾರಣ ತಿಳಿಸಿ.

ಹುಲಿಗೆಮ್ಮ ಬಡಿಗೇರ
ಅನುಮತಿ ವಿಭಾಗ, ಹುಲಗಿಹಾಳ