ಐದನೆಯ ಸೀಸೆಯ ಗಂಡು

ಬಳ್ಳಾರಿ,
ಜಯ ಸಂವತ್ಸರ, ಶ್ರಾವಣ ಶುದ್ಧ ದಶಮಿ, ೧೮೯೪

ಪ್ರೀತಿಯ ತಂಗಿ ಇಂದಿರಾಗೆ, ಮೂರು ತಿಂಗಳ ಮೇಲೆ ಇವತ್ತೇ ಹೊಟ್ಟೆ ತುಂಬ ಉಂಡು ಕುಳಿತಿರುವ ನಿನ್ನ ಅಕ್ಕನ ಆಶೀರ್ವಾದ.

ಮೊದಲು ಎದ್ದು ಹೋಗಿ ಅಮ್ಮನಿಗೆ ಹೇಳಿ ಬಾ: ಸಿರುಗುಪ್ಪದ ಸಂಬಂಧ ಮುರಿಯಿತು, ಅಂಬುಜಾಳಿಗೆ ಸವತಿ ಬರುವುದಿಲ್ಲ. ಇಷ್ಟು ಹೇಳಿದರೆ ಸಾಕು. ಉಳಿದದ್ದನ್ನು ನೀನೊಬ್ಬಳೇ ಓದಿಕೋ. ನಮ್ಮ ಕುರುಗೋಡಿನ ಮನೆಯ ಗೋಡೆಗಳಿಗೆ ಕಿವಿ ಜಾಸ್ತಿ.

ಏಳು ವರ್ಷದಲ್ಲಿ ನನ್ನ ಮಡಿಲು ತುಂಬಲಿಲ್ಲವೆಂದು ಅತ್ತೆಯವರು ಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದು ನಿನಗೆ ಗೊತ್ತೇ ಇದೆ. ತಾಂಬೂಲ ಬದಲಾಗುವುದೊಂದೇ ಬಾಕಿ ಇತ್ತು. ನಾನು ದಿನವೂ ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಅಶ್ವತ್ಥ ಕಟ್ಟೆ ಸುತ್ತುತ್ತಿದ್ದೆ, ನೂರೆಂಟು ಸುತ್ತು. ಮರ ಸವೆಯಲಿಲ್ಲ, ನನ್ನ ಹಿಮ್ಮಡಿ ಸವೆಯಿತು.

ಈಗ ನೊಣದ ಕಥೆ ಹೇಳುತ್ತೇನೆ, ನಗಬೇಡ. ನಿನ್ನ ಭಾವ ದಂಡಿನ ಡಾಕ್ಟರ್ ದೊರೆಗೆ ಹುಳುಗಳ ಚಿತ್ರ ಬರೆದುಕೊಡುತ್ತಾರಲ್ಲ, ದೊರೆಗೆ ಈ ಸಲ ಹಣ್ಣಿನ ನೊಣದ ಹುಚ್ಚು ಹಿಡಿಯಿತು. ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಎಳ್ಳುಕಾಳಿನಷ್ಟು ನೊಣ! ಬಂಗಲೆಯಲ್ಲಿ ಇರುವೆ ಕಾಟವೆಂದು ಆರು ಸೀಸೆಗಳು ನಮ್ಮ ಮನೆಗೆ ಬಂದವು. ಮಡಿ ಕೆಡುತ್ತದೆಂದು ಅತ್ತೆಯವರು ಅವನ್ನು ಹೊರಜಗಲಿ ದಾಟಗೊಡಲಿಲ್ಲ. ಒಂದೊಂದು ಸೀಸೆಯಲ್ಲಿ ಒಂದು ಗಂಡು, ಒಂದು ಹೆಣ್ಣು, ಬಾಯಿಗೆ ತೆಳು ಮಲ್ಲು ಬಟ್ಟೆ. ಹಣ್ಣು ಹಿಸುಕಿ ಹಾಕುವುದು, ಕಂಡದ್ದನ್ನು ಪುಸ್ತಕದಲ್ಲಿ ಗುರುತು ಹಾಕುವುದು ನನ್ನ ಪಾಲಿಗೆ ಬಂತು.

ಗಂಡಿನ ಬಾಲದ ತುದಿ ಕಪ್ಪು, ಹೆಣ್ಣಿನ ಮೈ ತುಸು ದೊಡ್ಡದು. ಗಂಡು ಒಂದೇ ರೆಕ್ಕೆ ಚಾಚಿ, ನಡುಗಿಸುತ್ತ ಹೆಣ್ಣಿನ ಸುತ್ತ ಕುಣಿಯುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಅವಳು ಹಿಂಗಾಲಿನಿಂದ ಒದೆಯುತ್ತಾಳೆ! ಮೊದಲ ದಿನ ಅದನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಿನ್ನೆ ಒಪ್ಪಿದವಳು ಇಂದು ಒದೆಯುವುದೂ ಉಂಟು. ಈ ಕುಣಿತ, ಈ ಒಪ್ಪಿಗೆ ಬರಿಯ ತಲೆಯಿಂದ ಬರುವುದಲ್ಲ, ಮೈಯೊಳಗೆ ಗಂಡಿಗೊಂದು ಬಗೆ, ಹೆಣ್ಣಿಗೊಂದು ಬಗೆ ಇರುವ ಭಾಗಗಳೂ ತಲೆಗೆ ಏನೋ ಹೇಳಿ ಕಳಿಸುತ್ತವೆ ಎಂಬುದು ದೊರೆಯ ಊಹೆ. ತಲೆ ಏನು ಹೇಳಿದರೂ ಹೊಟ್ಟೆಯ ಮಾತು ಬೇರೆಯೇ ಇರುತ್ತದೆಂದು ನಮ್ಮಂಥವರಿಗೆ ದೊರೆ ಹೇಳಬೇಕೇ?

ಐದನೆಯ ಸೀಸೆಯ ಗಂಡಿಗೆ ಎಡರೆಕ್ಕೆಯ ತುದಿ ಹರಿದಿತ್ತು. ಆದರೂ ಎಲ್ಲರಿಗಿಂತ ಜೋರು ಅದರದೇ ಕುಣಿತ. ಹೆಣ್ಣೂ ಒಪ್ಪಿದಳು. ಬೇರೆ ಸೀಸೆಗಳಲ್ಲಿ ನಾಲ್ಕೈದು ದಿನಕ್ಕೆ ಮರಿಹುಳು ಹರಿದಾಡಿದವು, ಅಲ್ಲಿ ಮಾತ್ರ ಒಂದೂ ಇಲ್ಲ. ನಿನ್ನ ಭಾವ ಪುಸ್ತಕದಲ್ಲಿ ‘ಹೆಣ್ಣು ಬಂಜೆ’ ಎಂದು ಬರೆದರು. ಹೇಗೆ ಗೊತ್ತಾಯಿತೆಂದು ಕೇಳಿದೆ. “ಮತ್ಯಾರ ದೋಷ ಇರ್ತದ?” ಅಂದರು. ಅವರಿಗೆ ಹೆಚ್ಚು ಯೋಚಿಸುವ ಕೆಲಸವೇ ಬೀಳಲಿಲ್ಲ.

ವಾರ ಕಳೆದ ಮೇಲೆ ನೋಡಿದರೆ ಆ ಬಂಜೆಯ ಸೀಸೆಯಲ್ಲಿ ಮರಿಹುಳು ಗಿಜಿಗುಡುತ್ತಿವೆ! ಹರಿದ ರೆಕ್ಕೆಯ ಗಂಡು ಎರಡನೆಯ ಸೀಸೆಯಲ್ಲಿದೆ, ಅಲ್ಲಿಯ ಗಂಡು ಇಲ್ಲಿದೆ. ಸೀಸೆ ತೊಳೆಯುವಾಗ ತಮ್ಮ ಕೈತಪ್ಪಿನಿಂದ ಅದಲುಬದಲಾಗಿರಬೇಕೆಂದು ಇವರು ದೊರೆಯ ಮುಂದೆ ತಪ್ಪೊಪ್ಪಿಕೊಂಡರಂತೆ. ದೊರೆ ಬೈಯುವ ಬದಲು ಬೆನ್ನು ತಟ್ಟಿ, ಹರಿದ ರೆಕ್ಕೆಯವನ ಹೊಟ್ಟೆಯನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿಯಲ್ಲಿ ತೋರಿಸಿದರಂತೆ. ಬೇರೆ ಗಂಡುಗಳ ಒಳಗೆ ಎರಡು ಹಳದಿ ಸುರುಳಿ ಇದ್ದರೆ ಇದರಲ್ಲಿ ಬತ್ತಿದ ಎರಡು ಎಳೆ. ಕುಣಿತ ಬೇರೆ, ಬೀಜ ಬೇರೆ, ಇಂದಿರಾ.

ಅವತ್ತು ನಿನ್ನ ಭಾವ ಉಣ್ಣಲಿಲ್ಲ. ಎರಡು ದಿನದ ಮೇಲೆ ತಾವಾಗಿಯೇ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ಬಂದರು. ನಾನು ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಎದುರಿಗೆ ಕುಕ್ಕರಿಸಿ, “ಅಂಬುಜಾ, ದೋಷ ನಿಂದಲ್ಲ, ನಂದದ” ಅಂದರು. ಹದಿನೆಂಟರಲ್ಲಿ ಬಂದ ಮಂಗನಬಾವು ಕೆಳಗಿಳಿದು ಬೀಜ ಕೆಡಿಸಿತ್ತಂತೆ. ಏಳು ವರ್ಷದ ಸಿಟ್ಟು ಒಮ್ಮೆಲೇ ಬಂದು ಮೊರ ಎತ್ತಿ ಎಸೆಯಬೇಕೆನಿಸಿತು, ಅಕ್ಕಿ ಹಾಳಾಗುತ್ತದೆಂದು ಬಿಟ್ಟೆ. ಆಮೇಲೆ ಇಬ್ಬರೂ ಅತ್ತೆವು. ಮಕ್ಕಳಿಲ್ಲದ ದುಃಖ ಇನ್ನು ಹೋಗುವಂಥದ್ದಲ್ಲ. ಆದರೆ ತಪ್ಪಿತಸ್ಥೆ ನಾನಲ್ಲ ಎಂಬುದೇ ಎಷ್ಟು ಹಗುರ ಗೊತ್ತೇನೇ! ನೀರು ತುಂಬಿದ ಕೊಡ ತಲೆಯಿಂದ ಇಳಿಸಿದ ಹಾಗಾಯಿತು.

ಅವರು ತಾಯಿಯ ಮುಂದೆಯೇ ಕುಳಿತು ಸಿರುಗುಪ್ಪಕ್ಕೆ ಕಾಗದ ಬರೆದರು, ದೋಷ ತಮ್ಮದೆಂದೇ ಬರೆದರು. “ಮೀಸಿ ಇದ್ದ ಗಂಡಸಿಗೆ ದೋಷ ಅಂತ ಯಾವ ಶಾಸ್ತ್ರದಾಗದನೋ?” ಎಂದು ಅತ್ತೆಯವರು ಕೂಗಾಡಿದರು, ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನಸುಕಿನಲ್ಲಿ ಮಗನನ್ನು ಎಬ್ಬಿಸಿ, “ಹಂಗಾದ್ರ ನೀನೇ ಸುತ್ತು ಏಳು” ಅಂದರು. ಈಗ ಒದ್ದೆ ಪಂಚೆಯಲ್ಲಿ ನಿನ್ನ ಭಾವ ಅಶ್ವತ್ಥ ಸುತ್ತುತ್ತಾರೆ. ನಾನು ಕಟ್ಟೆಯ ಮೇಲೆ ಕುಳಿತು ಎಣಿಸುತ್ತೇನೆ. ನಿನ್ನೆ ನನಗೆ ಸೀನು ಬಂದು ಲೆಕ್ಕ ತಪ್ಪಿತು, ಮೊದಲಿನಿಂದ ಸುತ್ತಿಸಿದೆ.

ಅಮ್ಮನಿಗೆ ನನ್ನ ನಮಸ್ಕಾರ. ಪಂಚಮಿಯ ಉಂಡೆ ಉಳಿದಿದ್ದರೆ ಯಾರ ಕೈಯಲ್ಲಾದರೂ ಕಳಿಸು, ಈಗ ನಾಲಿಗೆಗೆ ರುಚಿ ತಿಳಿಯುತ್ತಿದೆ.

ನಿನ್ನ ಅಕ್ಕ,
ಅಂಬುಜಾ

ತಾ.ಕ.: ಇದೊಂದನ್ನು ಓದಿ ಒಲೆಗೆ ಹಾಕು. ನಿನ್ನ ಭಾವನ ಕೈ ತಪ್ಪಿರಲಿಲ್ಲ. ಅವರು ‘ಹೆಣ್ಣು ಬಂಜೆ’ ಎಂದು ಬರೆದ ಮರುದಿನ, ಅತ್ತೆಯವರು ಪೂಜೆಗೆ ಕುಳಿತಾಗ, ಆ ಎರಡು ಸೀಸೆಗಳ ಗಂಡುಗಳನ್ನು ಬದಲಿಸಿದವಳು ನಾನೇ. ಆ ‘ಬಂಜೆ’ ಮೊದಲು ಎರಡು ದಿನ ಹೊಸಬನನ್ನು ಒದ್ದಳು, ಮೂರನೆಯ ದಿನ ಒಪ್ಪಿದಳು. ಗಂಡು ಬದಲಿಸಿ ನೋಡುವ ಆ ಪರೀಕ್ಷೆಗೆ ನನಗಂತೂ ದಾರಿ ಇರಲಿಲ್ಲ, ಅವಳಿಗಾದರೂ ಇರಲಿ ಎಂದುಕೊಂಡೆ.