ಹಾನ್ನಾ ಆಂಟಿಯ ಊರಿನ ನಕ್ಷೆ

ಲಿಟಲ್ ಎಲ್ಮ್
ಅಕ್ಟೋಬರ್ 19, 2025

ಪ್ರೀತಿಯ ವೈಷ್ಣವಿ,

ವುಡ್‌ಲ್ಯಾಂಡ್ಸ್‌ನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮೂರು ಮೆಸೇಜಿಗೂ ಉತ್ತರಿಸದೆ ಕೂತಿದ್ದೆ, ಬೈದುಕೊಂಡಿರುತ್ತೀಯ. ಬೈಯಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಆಸ್ಟಿನ್‌ನಲ್ಲಿ ನನ್ನ ಕಾದಂಬರಿಯ ಬಿಡುಗಡೆ ಜೋರಾಗಿಯೇ ಆಯಿತು. ಎಂಬತ್ತು ಜನ, ಬಿಸಿಬೇಳೆಬಾತ್, ಹಾರ. ನಮ್ಮ ಬೀದಿಯ ಹಾನ್ನಾ ಆಂಟಿ ಕಸೂತಿ ಅಂಗಿ ತೊಟ್ಟು ನಮ್ಮ ಕಾರಿನಲ್ಲೇ ಬಂದಿದ್ದರು. ಉಕ್ರೇನಿನವರು, ಯುದ್ಧ ಶುರುವಾದ ವರ್ಷ ಮಗಳ ಮನೆಗೆ ಬಂದವರು. ಒಂದಕ್ಷರ ಕನ್ನಡ ಬಾರದಿದ್ದರೂ ಮೊದಲ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟುತ್ತಿದ್ದರು.

ಪುಸ್ತಕದ ನಕ್ಷೆ ನಿನಗೆ ತುಂಬ ಇಷ್ಟವಾಗಿತ್ತಲ್ಲ? ಅದು ನನ್ನದಲ್ಲ ಕಣೇ. ಆಂಟಿಯ ಊರಿನದು. ನದಿ, ಜೌಗು, ಬರ್ಚ್ ಕಾಡು, ದಾರಿ ತಪ್ಪಿಸುವ ಕಾಡುಮುದುಕ, ಎಲ್ಲವನ್ನೂ ಅವರು ಬೀಟ್‌ರೂಟ್ ಸಾರು ಕುಡಿಸುತ್ತಾ, ಒಂದು ಹಾಳೆ ಹರಡಿಕೊಂಡು ಹೇಳಿದ್ದು. ಹಾಳೆಯನ್ನೂ ನನ್ನ ಕೈಗೇ ಕೊಟ್ಟರು. ನಾನು ಅದನ್ನು ತಲೆಕೆಳಗು ಮಾಡಿ ರಾಕ್ಷಸರ ರಾಜ್ಯವಾಗಿಸಿದೆ. ಕನ್ನಡ ಪುಸ್ತಕ, ಅವರಿಗೆಲ್ಲಿ ಗೊತ್ತಾಗುತ್ತದೆ ಎಂಬ ಧೈರ್ಯ. ನಕ್ಷೆ ನೋಡಲು ಕನ್ನಡ ಬೇಕಿಲ್ಲ ಎಂದು ಹೊಳೆಯಲೇ ಇಲ್ಲ, ಎಂಥ ಪೆದ್ದಿ ನಾನು!

ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ನಿಹಾರಿಕಾ ಎದ್ದು, "ಮೇಡಂ, ಇದು ಉಕ್ರೇನ್, ರಷ್ಯಾ ಕಡೆಯ ಸ್ಲಾವ್ ಜನರ ನಾಡಿನ ಥರಾನೇ ಇದೆಯಲ್ಲ? ಫ್ಯಾಂಟಸಿ ಬರೆಯೋರೆಲ್ಲ ರಾಕ್ಷಸರನ್ನ ಅಲ್ಲೇ ಯಾಕೆ ಇಡ್ತಾರೆ?" ಎಂದಳು.

"ಇದೆಲ್ಲ ನನ್ನ ಕಲ್ಪನೆ ಕಣಮ್ಮಾ" ಎಂದೆ. ಜನ ಚಪ್ಪಾಳೆ ತಟ್ಟಿದರು. ಆಂಟಿಯೂ ತಟ್ಟಿದರು.

ಆಮೇಲೆ ಅವರು ಪುಸ್ತಕ ತೆರೆದರು. ಸ್ವಲ್ಪ ಹೊತ್ತು ನೋಡಿ, ತಿರುಗಿಸಿ ಹಿಡಿದು, ರಾಕ್ಷಸರ ಗುಹೆಯ ಮೇಲೆ ಬೆರಳಿಟ್ಟು, "ನಮ್ಮಮ್ಮನನ್ನು ಮಣ್ಣು ಮಾಡಿದ್ದು ಇಲ್ಲಿ. ಏನಂತ ಬರೆದಿದ್ದೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು "ಗುಡ್ಡ" ಎಂದೆ. ಅಲ್ಲೂ ಸುಳ್ಳು, ವೈಷ್ಣವಿ!

ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಆ ನಕ್ಷೆಯನ್ನೇ ನೋಡುತ್ತಿದ್ದರು. "ಮೊದಲ ಕೇಳಿದ್ರ ಅವರೇನು ಬ್ಯಾಡ ಅಂತಿದ್ರೇನು? ಈಗರೆ ಹೋಗಿ ತಪ್ಪಾತ್ರಿ ಅನ್ನು" ಎಂದು ನಮ್ಮ ಯಜಮಾನರು ಶ್ರೀಶೈಲ್ ದಿನಾ ಹೇಳುತ್ತಾರೆ. ನಾಚಿಕೆಯಿಂದ ಸಾಯುವಂತಾಗಿದೆ. ಎರಡು ವಾರದಿಂದ ಆಂಟಿಯ ಮನೆ ಮುಂದೆ ಹಾಯದೆ ಸುತ್ತು ಬಳಸಿ ಡ್ರೈವ್ ಮಾಡುತ್ತಿದ್ದೇನೆ.

ಮಕ್ಕಳಿಗೆ ನನ್ನ ಆಶೀರ್ವಾದ. ನೀನು ನೂರು ಕಾಲ ಚೆನ್ನಾಗಿರು.

ನಿನ್ನ
ಮೇಧಾ

ತಾ.ಕ.: ಇವತ್ತು ಬೆಳಿಗ್ಗೆ ಆಂಟಿ ಮಗಳನ್ನು ಕಳಿಸಿದ್ದರು. ಸಿಟ್ಟೇನಿಲ್ಲವಂತೆ, ಹಾಳೆ ಮಾತ್ರ ವಾಪಸು ಬೇಕಂತೆ. ಅದು ಅವರ ತೀರಿಹೋದ ಅಣ್ಣ ಪೆನ್ಸಿಲಿನಲ್ಲಿ ಬರೆದದ್ದು, ಒಂದೊಂದು ಮನೆಯ ಮೇಲೂ ಅಲ್ಲಿದ್ದವರ ಹೆಸರು. ಊರಿನಲ್ಲಿ ಈಗ ಯಾರೂ ಇಲ್ಲ. ನನಗೆ ಆ ಲಿಪಿ ಬಾರದು. ಸ್ಕ್ಯಾನ್ ಮಾಡಿ ಪ್ರಕಾಶಕರಿಗೆ ಕಳಿಸುವ ಅವಸರದಲ್ಲಿ ಅವನ್ನೆಲ್ಲ ರಬ್ಬರಿನಿಂದ ಉಜ್ಜಿ ಅಳಿಸಿ, ಇಂಕಿನಲ್ಲಿ ನನ್ನ ರಾಕ್ಷಸರ ಹೆಸರು ಬರೆದಿದ್ದೇನೆ. "ಹುಡುಕಿ ಕೊಡ್ತೀನಿ" ಎಂದು ಹೇಳಿ ಕಳಿಸಿದೆ. ಹಾಳೆ ನನ್ನ ಮುಂದೆಯೇ ಇದೆ.