ಕೇದಾರಕ್ಕೆ ಹೊಲಿದ ಚೀಲಗಳು

ಬೆಳಗೋಡು
11-5-2003, ಭಾನುವಾರ

ಚಿ. ಸೌ. ಸುಮನಾಳಿಗೆ ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲ ಒಂದು ರೀತಿ ನಡೆದುಕೊಂಡು ಹೋಗುತ್ತಿದೆ. ತಿಪಟೂರಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಪಾರ್ಸೆಲ್ ಬಂದು ತಿಂಗಳಾಗುತ್ತಾ ಬಂತು. ಸ್ವೆಟರ್ ಸಿಕ್ಕಿತು ಎಂದು ಒಂದು ಕಾರ್ಡು ಬರೆಯಲೂ ನನ್ನಿಂದ ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೈ ಬಿಡುವಿರಲಿಲ್ಲ ಎನ್ನುವುದು ಅರ್ಧ ನಿಜ. ಇನ್ನರ್ಧ ಓದುತ್ತಾ ನಿನಗೇ ಗೊತ್ತಾಗುತ್ತದೆ. ಕೇದಾರದಲ್ಲಿ ಮೇ ತಿಂಗಳಲ್ಲೂ ಹಿಮ ಇರುತ್ತದಂತೆ, ಅದಕ್ಕೇ ಕತ್ತು ಮುಚ್ಚುವ ಹಾಗೆ ಹೆಣೆದಿದ್ದೇನೆ ಎಂದು ಬರೆದಿದ್ದೆ. ಕೊನೆಗೆ, ಇಬ್ಬರೂ ಹುಷಾರಾಗಿ ಹೋಗಿ ಬನ್ನಿ ಎಂದೂ ಬರೆದಿದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಭಾವ ಹೋದ ಸೋಮವಾರ ಹೊರಟರು. ನಾನು ಹೋಗಿಲ್ಲ. ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ.

ಗಾಬರಿಯಾಗಬೇಡ, ಜಗಳವಾಗಿಲ್ಲ. ಜಗಳ ಆಡುವಷ್ಟು ಶಕ್ತಿಯೂ ಈಗ ನನ್ನಲ್ಲಿಲ್ಲ.

ಎಸ್ಟೇಟಿನಿಂದ ಇವರನ್ನು ಡಿಸೆಂಬರಿನಲ್ಲಿ ಬಿಡಿಸಿದ್ದು ನಿನಗೆ ಗೊತ್ತು. ಕಾಫಿ ರೇಟು ಬಿದ್ದಾಗಿನಿಂದ ಸಾಹುಕಾರರು ಒಬ್ಬೊಬ್ಬರನ್ನೇ ಕಡಿಮೆ ಮಾಡುತ್ತಾ ಬಂದು ಕೊನೆಗೆ ರೈಟರನ್ನೂ ಕಳಿಸಿದರು. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕ ಹಿಡಿದವರಿಗೆ ಬಂದದ್ದರಲ್ಲಿ, ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಬುಲೆಟ್ಟೂ ಒಂದು. ಎಪ್ಪತ್ತೆರಡನೇ ಇಸವಿಯ ಗಾಡಿ. ಮುಂದೆ ಸ್ಪ್ರಿಂಗಿನ ಸೀಟು, ಹಿಂದೆ ಬೇರೆಯದೇ ಒಂದು ಸೀಟು. ಟೂಲ್ ಬಾಕ್ಸಿನಲ್ಲಿ ಇಲಿ ಮರಿ ಹಾಕಿತ್ತು. ಲಾರಿಯಿಂದ ಮನೆ ಮುಂದೆ ಇಳಿಸಿದಾಗ ಪಕ್ಕದ ಮನೆ ಬಸಮ್ಮ, ಗುಜರಿಯವನಿಗೆ ಕೊಡಲು ತಂದಿದ್ದಾರೆಂದು ತಿಳಿದು, ತನ್ನ ತೂತು ಕೊಡವನ್ನೂ ತಂದು ಅದರ ಪಕ್ಕ ಇಟ್ಟಳು.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವರು ಹೇಳಿದರು, "ಈ ಗಾಡೀನೇ ರೆಡಿ ಮಾಡ್ಕೊಂಡು ಮೇ ತಿಂಗ್ಳಲ್ಲಿ ನಾವು ಕೇದಾರಕ್ಕೆ ಹೋಗ್ಬರ್ತೀವಿ ಕಣೆ."

ಕೇದಾರ ಕೇಳಿದವಳು ನಾನು. ಮದುವೆಯಾದ ವರ್ಷವೇ ಕೇಳಿದ್ದೆ. ನಮ್ಮಪ್ಪ ಹೋಗಬೇಕು ಹೋಗಬೇಕು ಎನ್ನುತ್ತಲೇ ತೀರಿಕೊಂಡರಲ್ಲ, ಆ ಹಂಬಲ ನನಗೆ ಅಂಟಿಕೊಂಡಿತ್ತು. ಆದರೆ ಎಸ್ಟೇಟ್ ರೈಟರಿಗೆ ರಜೆ ಎಲ್ಲಿ? ಕಾಫಿ ಕೊಯ್ಲು ಮುಗಿದರೆ ಮೆಣಸು, ಮೆಣಸು ಮುಗಿದರೆ ಕಾಫಿ ಹೂವಿಗೆ ನೀರು, ಅದಾದ ಮೇಲೆ ಗೊಬ್ಬರ, ನೆರಳು ಮರದ ಕೊಂಬೆ ಸವರುವುದು. ಮಗಳು ಮಾನಸಾಳ ಮದುವೆಗೂ ಇವರು ಛತ್ರಕ್ಕೆ ಬಂದದ್ದು ಹಾಜರಿ ತೆಗೆದುಕೊಂಡ ಮೇಲೆ. ಇಷ್ಟು ವರ್ಷದಲ್ಲಿ ನಾನು ಕಂಡ ದೂರದ ಊರು ಯಾವುದು ಎಂದರೆ ನಿನ್ನ ತಿಪಟೂರು. ಅಂಥವಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ಬುಲೆಟ್ ಮೇಲೆ ಎಂದರೆ ಹೇಗಾಗಿರಬೇಡ. ಅವತ್ತು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಗಾಡಿ ಸಕಲೇಶಪುರಕ್ಕೆ ಹೋಯಿತು. ಅಲ್ಲಿ ನಮ್ಮ ಪೈಕಿಯವನೇ ಮೃತ್ಯುಂಜಯ ಅಂತ, ವೆಲ್ಡಿಂಗು ಮತ್ತು ಗಾಡಿ ರಿಪೇರಿ ಎರಡೂ ಮಾಡುತ್ತಾನೆ. ಮಾತು ಕಡಿಮೆ, ಕೈ ಒಳ್ಳೆಯದು. ದೂರ ಹೋಗುವ ಗಾಡಿಗಳಿಗೆ ಬೆಂಗಳೂರಿನಲ್ಲಿ ಪೆಟ್ಟಿಗೆ, ಚೀಲ, ದೀಪ ಎಲ್ಲ ತಯಾರಾಗಿಯೇ ಸಿಗುತ್ತವಂತೆ. ಇವರು ಹೋಗಿ ಬೆಲೆ ಕೇಳಿಕೊಂಡು ಬಂದು ಎರಡು ದಿನ ಬರೀ ಲೆಕ್ಕ ಹಾಕಿದರು. ಮೂರನೇ ದಿನದಿಂದ ಮನೆಯನ್ನೇ ಕೆದಕಲು ಶುರುಮಾಡಿದರು. ಮಾನಸಾ ಮಲಗುತ್ತಿದ್ದ ಕಬ್ಬಿಣದ ಮಂಚ ಕತ್ತರಿಸಿ ಕ್ಯಾರಿಯರ್ ಆಯಿತು, ಮಿಕ್ಕ ಪೈಪು ಲೆಗ್ ಗಾರ್ಡ್ ಆಯಿತು. ಮಗ್ಗೆ ಊರಿನಲ್ಲಿ ಯಾರದೋ ಸತ್ತ ಜೀಪಿನಿಂದ ಎರಡು ಮಂಜಿನ ದೀಪ ಬಂದವು. ಇಂಜಿನ್ನಿಗೆ ಕಲ್ಲು ಹೊಡೆಯದಂತೆ ಕೆಳಗೊಂದು ತಗಡು ಬೇಕಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹಳೇ ಮುಚ್ಚಳ ತಟ್ಟಿ ಅದನ್ನೂ ಮಾಡಿದರು. ಗಾಳಿ ತಡೆಯುವ ಮುಂದಿನ ಗಾಜಿಗೆ, ಬೋರ್ಡ್ ಬರೆಯುವ ಅಣ್ಣಯ್ಯ ಒಂದು ಹಳೇ ಪ್ಲಾಸ್ಟಿಕ್ ಶೀಟು ಕೊಟ್ಟ. ಎಷ್ಟು ಉಜ್ಜಿದರೂ ಬಿಸಿಲಿಗೆ ಹಿಡಿದರೆ ಅದರಲ್ಲಿ 'ವೈನ್ಸ್' ಎಂಬ ಅಕ್ಷರ ತೆಳ್ಳಗೆ ಕಾಣುತ್ತದೆ. ಕೊರಳಲ್ಲಿ ಲಿಂಗ, ಮುಂದೆ ವೈನ್ಸ್, ಕೇದಾರನಾಥ ಬಾಗಿಲು ಹಾಕಿಕೊಳ್ಳದಿದ್ದರೆ ಸಾಕು ಎಂದು ನಾನೇ ಛೇಡಿಸಿದ್ದೆ.

ನನಗೆ ಬಿದ್ದದ್ದು ಚೀಲದ ಕೆಲಸ. ಕಾಫಿ ಒಣಗಿಸುವ ಟಾರ್ಪಾಲು ಹರಿದದ್ದು ಎರಡು ತಂದು ಹಾಕಿದರು. ಅದು ಮಿಷನ್ನಿಗೆ ಸಿಕ್ಕುವ ಬಟ್ಟೆಯಲ್ಲ, ಸೂಜಿ ಎರಡು ಮುರಿದವು. ಕೊನೆಗೆ ಮೂಟೆ ಹೊಲಿಯುವ ದಬ್ಬಳವೇ ಗತಿಯಾಯಿತು. ನೈಲಾನ್ ದಾರಕ್ಕೆ ಮೇಣದಬತ್ತಿ ತಿಕ್ಕಿ, ಅಂಚನ್ನು ಎರಡು ಮಡಿಕೆ ಮಡಚಿ, ಒಂದು ಸಾಲಿನ ಪಕ್ಕ ಇನ್ನೊಂದು ಸಾಲು. ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ. ಒಂದು ಚೀಲ ಮುಗಿದ ಮೇಲೆ ಒಳಗೆ ಹಳೇ ಪೇಪರ್ ತುಂಬಿ ಮೇಲೆ ಒಂದು ಕೊಡ ನೀರು ಸುರಿದು ನೋಡುವುದು. ಪೇಪರ್ ಒದ್ದೆಯಾದರೆ ಪೂರ್ತಿ ಬಿಚ್ಚಿ ಮತ್ತೆ ಹೊಲಿಗೆ. ಮೊದಲನೆಯದನ್ನು ಮೂರು ಸಲ ಬಿಚ್ಚಿದೆ. ಇವರು ಸಕಲೇಶಪುರದಿಂದ ಬರುವಾಗ ಅಳತೆ ಬರೆದ ಚೀಟಿ ತರುವರು, ನಾನು ಕತ್ತರಿಸುವೆನು. ಪಕ್ಕದ ಚೀಲ ಎರಡು, ಟ್ಯಾಂಕ್ ಮೇಲಿನದು ಒಂದು, ಔಜಾರಿನ ಸುರುಳಿ ಚೀಲ ಒಂದು, ನೀರಿನ ಕ್ಯಾನಿಗೆ, ಪೆಟ್ರೋಲ್ ಕ್ಯಾನಿಗೆ ಒಂದೊಂದು. ಆಮೇಲೆ ಒಂದು ಪೆಟ್ಟಿಗೆಗೆ ಮಳೆ ಹೊದಿಕೆ. ಮೂರೂವರೆ ತಿಂಗಳು ಇದೇ ಆಯಿತು. ಬಲಗೈಯ ಎರಡು ಬೆರಳ ತುದಿ ಮರಗಟ್ಟಿ ಹೋಗಿವೆ, ಈಗಲೂ ಬಿಸಿ ಲೋಟ ಹಿಡಿದರೆ ತಿಳಿಯುವುದಿಲ್ಲ. ಆದರೆ ಹೊಲಿಯುವಾಗ ಬೇಜಾರಾಗಿರಲಿಲ್ಲ ಸುಮಾ. ಈ ಚೀಲದಲ್ಲಿ ನನ್ನ ಎರಡು ಸೀರೆ, ಇದರಲ್ಲಿ ವಿಭೂತಿ, ಪೂಜೆಯ ಬಟ್ಟಲು, ಹೀಗೆ ಮನಸ್ಸಿನಲ್ಲೇ ಜೋಡಿಸಿಕೊಂಡು ಹೊಲಿಯುತ್ತಿದ್ದೆ.

ಯಾರಿಗೂ ಹೇಳದ ಒಂದನ್ನು ನಿನಗೆ ಹೇಳುತ್ತೇನೆ, ನಗಬೇಡ. ಒಂದು ಚೂಡಿದಾರ್ ಹೊಲಿಸಿಕೊಂಡೆ. ನಲವತ್ತೆಂಟನೇ ವಯಸ್ಸಿಗೆ. ಅಷ್ಟು ದೂರ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂತರೆ ಸೊಂಟ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಗಂಡಸರ ಹಾಗೆ ಕೂತು ಅಭ್ಯಾಸವಿಲ್ಲವಲ್ಲ, ಮಧ್ಯಾಹ್ನ ಇವರಿಲ್ಲದಾಗ ಹಿತ್ತಲಲ್ಲಿ ಭತ್ತದ ಮೂಟೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಕೂರುತ್ತಿದ್ದೆ. ಮೊದಲು ಕಾಲು ಗಂಟೆ, ಆಮೇಲೆ ಅರ್ಧ ಗಂಟೆ. ಒಂದು ದಿನ ಬೇಲಿ ಆಚೆಯಿಂದ ಬಸಮ್ಮ ನೋಡಿಬಿಟ್ಟಳು. ರೈಟ್ರಮ್ಮ ಮೂಟೆ ಓಡಿಸಿಕೊಂಡು ಎಲ್ಲಿವರೆಗೆ ಹೋದರು ಎಂದು ಕೇಳಿದಳು. ಇನ್ನೂ ಹಾಸನ ದಾಟಿಲ್ಲ ಎಂದೆ.

ಗಾಡಿ ನೋಡಲು ನಾನೂ ಬರುತ್ತೇನೆಂದು ಒಂದೆರಡು ಸಲ ಕೇಳಿದ್ದುಂಟು. ಅಲ್ಲೆಲ್ಲ ಬರೀ ಗ್ರೀಸು, ಮುಗಿದ ಮೇಲೆ ನೋಡುವೆಯಂತೆ ಎಂದರು. ಏಪ್ರಿಲ್ ಮೂವತ್ತಕ್ಕೆ ಮುಗಿಯಿತು. ಸಂಜೆ ಐದರ ಹೊತ್ತಿಗೆ ಆ ಸದ್ದು ಕೇಳಿ ರಸ್ತೆಯವರೆಲ್ಲ ಹೊರಗೆ ಬಂದರು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಪ್ಪು ಬಣ್ಣ ಹೊಡೆಸಿದ್ದರು. ಎರಡೂ ಬದಿಗೆ ನನ್ನ ಚೀಲಗಳು ಬಿಗಿಯಾಗಿ ಕೂತಿದ್ದವು, ಒಂದು ಸುಕ್ಕಿಲ್ಲ. ಹಿಂದಿನ ಸೀಟು ಇದ್ದ ಜಾಗದಲ್ಲಿ ಮಂಚದ ಪೈಪಿನ ಕ್ಯಾರಿಯರ್, ಅದರ ಮೇಲೆ ನಾಲ್ಕು ಬೋಲ್ಟು ಬಿಗಿದ ತಗಡಿನ ಪೆಟ್ಟಿಗೆ. ಪೆಟ್ಟಿಗೆಗೆ ನಾನು ಹೊಲಿದ ಹೊದಿಕೆ.

"ನಾನೆಲ್ಲಿ ಕೂರ್ಲಿ?" ಎಂದೆ. ನಗುತ್ತಲೇ ಕೇಳಿದ್ದು. ಪೆಟ್ಟಿಗೆ ಸುಮ್ಮನೆ ಇಟ್ಟು ತಂದಿದ್ದಾರೆ, ಆಮೇಲೆ ತೆಗೆಯುತ್ತಾರೆ ಎಂದುಕೊಂಡಿದ್ದೆ.

ಇವರು ನನ್ನನ್ನೇ ನೋಡಿದರು. "ನೀನಾ? ನೀನೆಲ್ಲಿಗೆ ಬತ್ತೀಯ? ನಾವು ಹೋಗ್ತೀವಿ ಅಂದ್ರೆ ನಾನು ಹೋಗ್ತೀನಿ ಅಂತ ಕಣೆ. ಇಷ್ಟು ವರ್ಷ ಆದ್ರೂ ನನ್ ಮಾತು ನಿಂಗೆ ಗೊತ್ತಾಗ್ಲಿಲ್ವಾ?"

ನೀನೂ ಕೇಳಿದ್ದೀಯಲ್ಲ ಇವರ ಮಾತು. ಇವರ ಬಾಯಲ್ಲಿ 'ನಾನು' ಬರುವುದೇ ಅಪರೂಪ. ದಿನಾ ಬೆಳಿಗ್ಗೆ ಆಳುಗಳ ಮುಂದೆ ನಿಂತು ಸಾಹುಕಾರರ ಪರವಾಗಿ ನಾವು ಇವತ್ತು ಗುಂಡಿ ಹೊಡೀತೀವಿ, ನಾವು ನಾಳೆ ಗೊಬ್ಬರ ಹಾಕ್ತೀವಿ ಎಂದು ಹೇಳಿ ಹೇಳಿ ಅದೇ ನಾಲಿಗೆಗೆ ಹತ್ತಿಬಿಟ್ಟಿದೆ. ಮನೆಯಲ್ಲೂ ಹಾಗೇ, ನಾವು ಸ್ನಾನ ಮಾಡಿ ಬರ್ತೀವಿ. ಒಂದು ಸಲ ಯಸಳೂರಿನ ಡಾಕ್ಟರ ಹತ್ತಿರ ಹೋಗಿ ನಮಗೆ ಹಲ್ಲು ನೋವು ಎಂದಾಗ, ಯಾರು ಮೊದಲು ಬಾಯಿ ತೆಗೆಯುತ್ತೀರಿ ಎಂದು ಅವರು ನನ್ನನ್ನೂ ಕೂರಿಸಿದ್ದರು. ಅಷ್ಟೆಲ್ಲ ಗೊತ್ತಿದ್ದ ನಾನೇ ಕೇದಾರದ ವಿಷಯದಲ್ಲಿ ಮಾತ್ರ ಮೋಸಹೋದೆ. ನನಗೆ ಬೇಕಾದ ಅರ್ಥ ಮಾಡಿಕೊಂಡೆ. ತಪ್ಪು ನನ್ನದೇ.

ಅವರ ಮುಂದೆ ಏನನ್ನೂ ತೋರಿಸಿಕೊಳ್ಳಲಿಲ್ಲ. ತಮಾಷೆಗೆ ಕೇಳಿದೆ, ನನ್ನ ಮೊಣಕಾಲಿಗೆ ಬೆಳಗೋಡಿನ ಬಸ್ಸೇ ಹೆಚ್ಚು ಎಂದೆ. ಅದೇ ನಾವೂ ಯೋಚಿಸಿದ್ದೆವು ಎಂದು ಅವರೂ ಒಪ್ಪಿಕೊಂಡು ಕೈಕಾಲು ತೊಳೆಯಲು ಹೋದರು. ಸೋಮವಾರ ಬೆಳಿಗ್ಗೆ ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಯಾವ ಚೀಲದಲ್ಲಿ ಏನಿದೆ ಎಂದು ಹೇಳಿಕೊಟ್ಟೆ. ಬಸಮ್ಮ ಆರತಿ ಎತ್ತಿದಳು. ಎಲ್ಲರೂ ಕೈ ಬೀಸಿದರು, ನಾನೂ ಬೀಸಿದೆ. ಮೊನ್ನೆ ನಾಗಪುರದಿಂದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದರು. ದಾರಿಯಲ್ಲಿ ಮಳೆ ಸಿಕ್ಕಿತಂತೆ, ಚೀಲದೊಳಗೆ ಒಂದು ಹನಿ ಹೋಗಿಲ್ಲವಂತೆ. ಅದನ್ನೇ ಎರಡು ಸಲ ಹೇಳಿದರು.

ಕೇಳಿ ಖುಷಿಯಾಯಿತು. ಕೋಪ ಬಂದಿದ್ದರೆ ವಾಸಿಯಿತ್ತೇನೋ. ಬರೀ ದಣಿವು. ಮನೆಯಲ್ಲಿ ಒಬ್ಬಳಿಗೆ ಅಡುಗೆ ಎಷ್ಟು ಹೊತ್ತಿನದು, ಆದರೂ ಮಧ್ಯಾಹ್ನಕ್ಕೆಲ್ಲ ಸಾಕಾಗಿಹೋಗುತ್ತದೆ. ಸ್ವೆಟರಿನ ಅಳತೆ ಸರಿಯಾಗಿದೆ. ನುಸಿ ಗುಳಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಿನ್ನ ಶ್ರಮ ದಂಡವಾಯಿತು ಎಂದುಕೊಳ್ಳಬೇಡ.

ಮಕ್ಕಳ ಪರೀಕ್ಷೆ ಏನಾಯಿತು ಬರೆ. ರಜೆಯಲ್ಲಿ ಕರೆದುಕೊಂಡು ಬಾ, ಹಲಸಿನಹಣ್ಣು ಬರುವ ಹೊತ್ತಾಯಿತು. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ನಿನ್ನ ಕಾಲು ಎಲ್ಲಿ ಹೋಗಬೇಕೆನ್ನುತ್ತದೋ ಅಲ್ಲಿಗೆ ಕಾಯದೆ ಹೋಗು.

ನಿನ್ನ ಅಕ್ಕ,
ದ್ರಾಕ್ಷಾಯಣಿ

ತಾ.ಕ. ಮಂಗಳವಾರ. ನಿನ್ನೆ ಕಾಗದ ಡಬ್ಬಕ್ಕೆ ಹಾಕಲು ಹೊರಟವಳು ಹಾಕದೆ ವಾಪಸು ತಂದೆ. ಬಾಗಿಲಲ್ಲಿ ಮೃತ್ಯುಂಜಯ ಸಿಕ್ಕಿದ. ಬುಲೆಟ್ಟಿನ ಹಿಂದಿನ ಸೀಟು, ಸೀರೆ ಚಕ್ರಕ್ಕೆ ಸಿಕ್ಕದಂತೆ ಪಕ್ಕದಲ್ಲಿರುವ ಜಾಲರಿ, ಎರಡನ್ನೂ ತಂದಿದ್ದ. ಶೆಡ್ಡಿನಲ್ಲಿ ಜಾಗವಿಲ್ಲವಂತೆ. ನಾನು ಕಾಫಿ ಕೊಟ್ಟು, ನಾನೂ ಹೋಗುವವಳು ಎಂದು ತಪ್ಪು ತಿಳಿದಿದ್ದೆ ಕಣಪ್ಪಾ ಎಂದು ನಗುತ್ತಾ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ನಿಮ್ಗೆ ಆಮೇಲಾದ್ರೂ ಹೇಳವ್ರೆ ಅಂದ್ಕೊಂಡಿದ್ದೆ ಅಮ್ಮಾವ್ರೆ. ಸೀಟು ಬಿಚ್ಚೋವಾಗ್ಲೇ ನಾನು ಕೇಳ್ದೆ, ಅಮ್ಮಾವ್ರು ಎಲ್ಲಿ ಕೂರ್ತಾರೆ ಅಂತ. ಅವ್ಳು ಬರ್ತೀನಿ ಅಂತ್ಲೇ ಅಂದ್ಕೊಂಡವ್ಳೆ, ಈಗ್ಲೇ ಹೇಳ್ಬುಟ್ರೆ ಚೀಲದ ಕೆಲ್ಸ ನಿಂತೋಗ್ತೈತೆ, ಮುಗೀಲಿ ಅಂದ್ರು ರೈಟ್ರು."

ಕೊಯ್ಲಿಗೆ ಹೊರಗಿನಿಂದ ಬಂದ ಆಳುಗಳಿಗೆ ಕೊನೆಯ ದಿನ ಯಾವುದೆಂದು ರೈಟರು ಮೊದಲೇ ಹೇಳುವುದಿಲ್ಲ ಸುಮಾ. ಹೇಳಿದರೆ ಕೈ ನಿಧಾನವಾಗುತ್ತದೆ. ಕಡೇ ಗಿಡ ಬಿಡಿಸಿದ ಮೇಲೆ ಸಂಜೆ ತೂಕದ ಹತ್ತಿರ ಹೇಳುತ್ತಾರೆ, ನಾಳೆಯಿಂದ ಬೇಡ ಎಂದು. ಆಳುಗಳ ಲೈನ್ ಮನೆಯ ಹೆಂಗಸರು ಎಷ್ಟು ಸಲ ನನ್ನ ಹತ್ತಿರ ಬಂದು ಅತ್ತಿದ್ದಾರೋ. ಆಗೆಲ್ಲ ನಾನು ಇವರ ಪರವಾಗಿಯೇ ಮಾತಾಡಿ ಕಳಿಸಿದ್ದೇನೆ.

ಸೀಟು ಬಿಚ್ಚಿದ್ದು ಯಾವತ್ತು ಎಂದು ಮೃತ್ಯುಂಜಯನನ್ನು ಕೇಳಿದೆ. ಸಂಕ್ರಾಂತಿಯ ಹಿಂದಿನ ದಿನವಂತೆ. ನಾನು ಮೊದಲ ಚೀಲಕ್ಕೆ ಬಟ್ಟೆ ಕತ್ತರಿಸಿದ್ದು ಸಂಕ್ರಾಂತಿಯ ಮಾರನೇ ದಿನ.